ಲಂಗದ ಮೇಲಿನ ಇದ್ದಿಲು ಬಸ್ಸು

ಜಂಬಮ್ಮನ ಕೆಲಸ ಹುಡುಗಿಯರನ್ನು ಶಾಲೆಗೆ ಕರೆತರುವುದು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಹತ್ತಿ ವ್ಯಾಪಾರಿಯೊಬ್ಬರು ಬಿಟ್ಟುಕೊಟ್ಟ ಎರಡು ಕೋಣೆ, ಒಂದು ಪಡಸಾಲೆಯಲ್ಲಿ ಹೆಣ್ಣುಮಕ್ಕಳ ಸಣ್ಣ ಶಾಲೆಯೊಂದು ನಡೆಯುತ್ತಿತ್ತು. ಹೆಣ್ಣುಮಗುವನ್ನು ಒಂಟಿಯಾಗಿ ಬೀದಿಗೆ ಬಿಡದ ಕಾಲ ಅದು. ಹಾಗಾಗಿ ಶಾಲೆಯೇ ಒಬ್ಬ ಹೆಂಗಸನ್ನು ನೇಮಿಸಿಕೊಂಡಿತ್ತು. ಅವಳು ಬೆಳಿಗ್ಗೆ ಮನೆಮನೆಯ ಮುಂದೆ ನಿಂತು ಕೂಗಿ ಹುಡುಗಿಯರನ್ನು ಕೂಡಿಸಿಕೊಂಡು ಬರಬೇಕು, ಸಂಜೆ ಒಬ್ಬೊಬ್ಬಳನ್ನೇ ಅವರವರ ಹೊಸ್ತಿಲಿಗೆ ಮುಟ್ಟಿಸಬೇಕು. ಮಕ್ಕಳು ಅವಳನ್ನು ಆಯಾ ಎಂದು ಕರೆಯುತ್ತಿದ್ದರು, ತಾಯಂದಿರು ಜಂಬಕ್ಕ ಎನ್ನುತ್ತಿದ್ದರು.

ಅವಳು ಹುಟ್ಟಿದ್ದು ಕುರುಗೋಡಿನಲ್ಲಿ. ತಾಯಿ ಹುಲುಗಮ್ಮ ಹಳೆ ಬಟ್ಟೆಯ ತುಂಡು ಜೋಡಿಸಿ ಹೊದೆಯುವ ಕೌದಿ ಹೊಲಿಯುವುದರಲ್ಲಿ ಸುತ್ತಿನ ಹಳ್ಳಿಗಳಿಗೆಲ್ಲ ಹೆಸರಾದವಳು. ಹನ್ನೊಂದು ತುಂಬುವಷ್ಟರಲ್ಲಿ ಮಗಳನ್ನು ಸಿರುಗುಪ್ಪಕ್ಕೆ ಕೊಟ್ಟರು. ಗಂಡ ಸುಂಕಣ್ಣ ಹತ್ತಿ ಹೇರುವ ಗಾಡಿ ಹೊಡೆಯುತ್ತಿದ್ದ. ಮಕ್ಕಳಾಗಲಿಲ್ಲ. ವಾಂತಿಭೇದಿ ಬಂದ ವರ್ಷ ಅವನು ಎರಡೇ ದಿನದಲ್ಲಿ ಹೋದ. ಅತ್ತೆಮನೆಯಲ್ಲಿ ಅವಳಿಗೊಂದು ಮೂಲೆ ಉಳಿದಿತ್ತು, ಆದರೆ ಅವಳು ಆ ಮೂಲೆಯಲ್ಲಿ ಕೂರಲಿಲ್ಲ. ಬಳ್ಳಾರಿಗೆ ಬಂದು ಈ ಕೆಲಸ ಹಿಡಿದಳು. ಅಕ್ಷರ ಬರುತ್ತಿರಲಿಲ್ಲ. ಅವಳಲ್ಲಿದ್ದುದು ಒಂದು ಚಟ ಮಾತ್ರ: ಯಾವುದನ್ನು ಕಂಡರೂ ‘ಯಾಕ?’ ಎಂದು ಕೇಳುವುದು. ಬದುಕಿದ್ದಾಗ ಸುಂಕಣ್ಣ ಇದಕ್ಕೆ ರೇಗುತ್ತಿದ್ದ. “ಎತ್ತಿಗೆ ಎರಡ ಕೊಂಬು ಯಾಕಂತ ಎತ್ತನ್ನ ಕೇಳು ಹೋಗು,” ಎನ್ನುತ್ತಿದ್ದ. ಅವಳು ಎತ್ತಿನ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತು ನೋಡಿಯೂ ಬರುತ್ತಿದ್ದಳು.

ಸಾವಿರದ ಒಂಬೈನೂರ ನಲವತ್ತೈದರ ಮಳೆಗಾಲದಲ್ಲಿ ಶಾಲೆಗೆ ಹುಡುಗಿಯರು ಬರುವುದು ಕಡಿಮೆಯಾಯಿತು. ಪಟ್ಟಿಯಲ್ಲಿ ನಲವತ್ತೊಂದು ಹೆಸರಿದ್ದರೂ ಚಾಪೆಯ ಮೇಲೆ ಕೂರುವವರು ಹತ್ತೊಂಬತ್ತು, ಕೆಲವು ದಿನ ಹದಿನೈದು. ಮುಖ್ಯೋಪಾಧ್ಯಾಯಿನಿ ವೀರಭದ್ರಮ್ಮ ಜಂಬಮ್ಮನನ್ನು ಕರೆದು ನಿಲ್ಲಿಸಿಕೊಂಡರು.

“ಸಂಕ್ರಾಂತಿ ಮುಗಿದ ವಾರಕ್ಕ ಇನ್‌ಸ್ಪೆಕ್ಟ್ರೆಸ್ ಬರ್ತಾರ. ಅವತ್ತು ಮೂವತ್ತು ಹುಡುಗ್ಯಾರು ಎದುರಿಗೆ ಕುಂತಿರಬೇಕು. ಇಲ್ಲಂದ್ರ ಸಾಲಿ ಮುಚ್ಚಿ ಗಂಡುಹುಡುಗರ ಸಾಲಿಗೆ ಸೇರಿಸ್ತಾರ. ಗಂಡುಹುಡುಗರ ಜತಿ ಕುಂದರಸಾಕ ನಿಮ್ಮ ಓಣ್ಯಾಗ ಯಾರು ಕಳಸ್ತಾರ, ಹೇಳು.”

“ಯಾರೂ ಕಳಸಂಗಿಲ್ರಿ ಅಮ್ಮಾರ.”

“ಹಂಗಾದ್ರ ಓದೂ ಹೋತು, ನಿನ್ನ ಕೆಲಸಾನೂ ಹೋತು.”

ಜಂಬಮ್ಮ ಮನೆಮನೆಗೆ ಹೋಗಿ ಯಾಕೆಂದು ಕೇಳಿದಳು. ಜ್ವರ, ತಮ್ಮನನ್ನು ನೋಡಿಕೊಳ್ಳಬೇಕು, ಊರಿಗೆ ಹೋಗಿದ್ದಾಳೆ, ಹೀಗೆ ಸಿಕ್ಕ ಉತ್ತರಗಳೆಲ್ಲ ಸುಳ್ಳು. ನಿಜ ತಿಳಿದದ್ದು ಮೌಲಾಬಿಯ ಮನೆಯಲ್ಲಿ. ಮೌಲಾಬಿ ಬೀಡಿ ಕಟ್ಟಿ ಮನೆ ನಡೆಸುವವಳು. ಅವಳ ಮಗಳು ಮೀರಾಬಿ, ಎಂಟು ವರ್ಷದವಳು, ಬಾಗಿಲ ಹಿಂದೆ ತಾಯಿಯ ಹಳೆಯ ಓಢನಿ ಸುತ್ತಿಕೊಂಡು ನಿಂತಿದ್ದಳು. ಇದ್ದ ಒಂದೇ ಲಂಗ ಹಿತ್ತಲ ಹಗ್ಗದ ಮೇಲೆ ನೀರು ಸುರಿಸುತ್ತಿತ್ತು. ಯುದ್ಧದಿಂದಾಗಿ ಬಟ್ಟೆಗೂ ಕಂಟ್ರೋಲ್, ಅಂದರೆ ಪಡಿತರ, ಬಂದಿತ್ತು. ಕಾರ್ಡಿಗೆ ಸಿಗುತ್ತಿದ್ದ ಗಜಗಳಲ್ಲಿ ದೊಡ್ಡವರ ಮಾನ ಮುಚ್ಚಿದರೆ ಮಕ್ಕಳ ಪಾಲಿಗೆ ಏನೂ ಉಳಿಯುತ್ತಿರಲಿಲ್ಲ. ಒಗೆದ ದಿನ ಶಾಲೆಯಿಲ್ಲ ಎಂಬುದು ಜಂಬಮ್ಮನಿಗೆ ಅರ್ಥವಾಯಿತು. ಆದರೆ ಒಣಗಿದ ದಿನವೂ ಮೀರಾಬಿ ಬರುತ್ತಿರಲಿಲ್ಲ.

“ಯಾಕ?” ಎಂದಳು ಜಂಬಮ್ಮ.

“ಮೊಣಕಾಲತ್ರ ಹರದೈತಿ,” ಎಂದಳು ಹುಡುಗಿ.

“ತ್ಯಾಪಿ ಹಚ್ಚಿಕೊಡ್ತೀನಿ, ತಾ.”

“ತ್ಯಾಪಿ ಬ್ಯಾಡ. ತ್ಯಾಪಿ ಹಚ್ಚಿದ್ರ ಓಣ್ಯಾಗ ಎಲ್ಲಾರೂ ಕೌದಿ ಕೌದಿ ಅಂತಾರ.”

ಇದು ಜಂಬಮ್ಮನನ್ನು ಯೋಚನೆಗೆ ಹಚ್ಚಿತು. ಹರಿದ ಲಂಗದಲ್ಲಿ ಆಡುವ ಹುಡುಗಿಯರಿದ್ದರು. ತೇಪೆ ಬಿದ್ದ ಲಂಗದವಳು ಮಾತ್ರ ಹೊರಗೆ ಬರುತ್ತಿರಲಿಲ್ಲ. ಮುಳ್ಳು ತಾಗಿ ಹರಿಯಿತೆಂದು ಹೇಳಿ ತಪ್ಪಿಸಿಕೊಳ್ಳಬಹುದು, ಆದರೆ ನಾಲ್ಕು ಮೂಲೆಯ ತೇಪೆ ಮನೆಯ ಬಡತನವನ್ನು ನೇರ ಹೇಳಿಬಿಡುತ್ತದೆ. ಅಂದರೆ ತಪ್ಪು ತೇಪೆಯದಲ್ಲ, ಅದರ ಆಕಾರದ್ದು. ಇಷ್ಟು ತರ್ಕ ಮಾಡಿಕೊಂಡ ಮೇಲೆ ಅವಳು ಕೇಳಿದ ಪ್ರಶ್ನೆ ಸಹಜವಾದದ್ದೇ.

“ಚೌಕ ಬ್ಯಾಡಂದ್ರ ಬ್ಯಾಡ. ಮತ್ತ ಯಾವ ಆಕಾರ ಬೇಕು?”

ಮೀರಾಬಿ ಓಢನಿಯನ್ನು ಬಿಗಿ ಹಿಡಿದು ಯೋಚಿಸಿದಳು. “ಬಸ್ಸು.”

“ಬಸ್ಸಾ?”

“ಸಿರುಗುಪ್ಪದ ಬಸ್ಸು. ಹಿಂದ ಒಲಿ ಇರತೈತಲ್ಲ, ಅದು.”

ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲಿನಿಂದ ಓಡುತ್ತಿದ್ದವು. ಬಸ್ಸಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಒಲೆ ಇರುತ್ತಿತ್ತು. ಹೊರಡುವ ಮುಂಚೆ ಕ್ಲೀನರು ಅರ್ಧ ಗಂಟೆ ಹಿಡಿಕೆ ತಿರುವಿ ಅದಕ್ಕೆ ಗಾಳಿ ಹಾಕುತ್ತಿದ್ದ. ಜಂಬಮ್ಮ ಅದರಲ್ಲಿ ಎಷ್ಟೋ ಸಲ ಕೂತಿದ್ದಳು. ಹೊಲಿಯುವುದು ಹೇಗೆಂದು ಮಾತ್ರ ಅವಳಿಗೆ ತಿಳಿಯಲಿಲ್ಲ. ಇದ್ದಿಲ ಚೂರೊಂದನ್ನು ಹುಡುಗಿಯ ಕೈಗೆ ಕೊಟ್ಟು, “ನೆಲದ ಮ್ಯಾಲೆ ಬರದು ತೋರಸು,” ಎಂದಳು.

ದರ್ಜಿ ಖಾಜಾಮಿಯಾನ ಅಂಗಡಿಯಲ್ಲಿ ಸಿಪಾಯಿಗಳ ಬಟ್ಟೆ ಕತ್ತರಿಸಿ ಉಳಿದ ಖಾಕಿ ಚೂರುಗಳು ಬಿದ್ದಿರುತ್ತಿದ್ದವು. ಅವು ಬಸ್ಸಾದವು. ಒಡೆದ ಎರಡು ಗುಂಡಿ ಗಾಲಿಯಾದವು. ಹೊಗೆಗೆ ಏನು ಮಾಡುವುದೆಂದು ಇಬ್ಬರೂ ಬಹಳ ಹೊತ್ತು ಚರ್ಚಿಸಿದರು. ಕೊನೆಗೆ ಕರಿ ನೂಲಿನ ಎಳೆಗಳನ್ನು ಒಂದು ತುದಿಯಲ್ಲಿ ಮಾತ್ರ ಹೊಲಿದು ಉಳಿದದ್ದನ್ನು ಜೋಲು ಬಿಟ್ಟರು. ಮೀರಾಬಿ ಓಡಿದರೆ ಹೊಗೆ ಹಿಂದಕ್ಕೆ ಹಾರುತ್ತಿತ್ತು. ಅವಳು ಮರುದಿನ ಶಾಲೆಗೆ ನಡೆದು ಬರಲಿಲ್ಲ. ಇಡೀ ಓಣಿಯುದ್ದಕ್ಕೂ ಬಾಯಲ್ಲಿ ಬುರ್ ಎನ್ನುತ್ತ ಓಡಿಕೊಂಡೇ ಬಂದಳು.

ಆಮೇಲೆ ಯಾರನ್ನೂ ಕೂಗಿ ಕರೆಯಬೇಕಾಗಲಿಲ್ಲ. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಹೊತ್ತು ಪಡಸಾಲೆಯ ನೆಲದ ತುಂಬ ಇದ್ದಿಲಿನ ಚಿತ್ರಗಳು. ಒಬ್ಬಳಿಗೆ ಹುಂಜ ಬೇಕು, ಇನ್ನೊಬ್ಬಳಿಗೆ ನಲ್ಲಿಯಿಂದ ಬೀಳುವ ನೀರು. ಮತ್ತೊಬ್ಬಳು ಬೀಸುಕಲ್ಲು ಬೇಕೆಂದಳು. ದುಂಡಗೆ ಕತ್ತರಿಸಿದ ಬಟ್ಟೆಯನ್ನು ನಡುವೆ ಒಂದು ಗುಂಡಿಯಿಂದ ಮಾತ್ರ ಲಂಗಕ್ಕೆ ಹಿಡಿಸಿ, ಹರಕಿನ ಮೇಲೆ ಅದು ಗಿರಗಿರ ತಿರುಗುವಂತೆ ಮಾಡಿದರು. ಜಂಬಮ್ಮನದು ಒಂದೇ ಕಟ್ಟುಪಾಡು: ಬರೆದವಳು ಪ್ರತಿಯೊಂದಕ್ಕೂ ಕಾರಣ ಹೇಳಬೇಕು.

“ಹುಂಜಕ್ಕ ಮೂರು ಕಾಲು ಯಾಕಲೇ?”

“ಒಂದು ಎತ್ತಿಕೊಂಡೈತಿ, ಒಂದು ಇಡಾಕತ್ತೈತಿ, ಒಂದರ ಮ್ಯಾಲೆ ನಿಂತೈತಿ.”

“ಹೌದಲ್ಲ,” ಎಂದು ಜಂಬಮ್ಮ ಮೂರು ಕಾಲನ್ನೂ ಕತ್ತರಿಸಿದಳು.

ಉಳ್ಳವರ ಮನೆಯ ಹುಡುಗಿಯೊಬ್ಬಳು ಗಟ್ಟಿಮುಟ್ಟಾದ ಲಂಗಕ್ಕೆ ಅಜ್ಜಿಯ ಅಡಕತ್ತರಿ ಹಾಕಿ ತೂತು ಮಾಡಿಕೊಂಡು ಬಂದಳು. ಹಿಂದೆಯೇ ಅವಳ ತಾಯಿ. “ಎಲ್ಲ್ಯದಾಳ ಆಕಿ ಜಂಬಿ? ಕಂಟ್ರೋಲ್ ಅಂಗಡ್ಯಾಗ ಮೂರು ತಾಸು ನಿಂತು ತಂದ ಅರಿವಿ ಬೇ ಇದು!” ಬಯ್ದು ಮುಗಿಸಿದ ಮೇಲೆ, ಬಾಗಿಲ ತನಕ ಹೋಗಿ ತಿರುಗಿ, ಹೇಗೂ ತೂತು ಬಿದ್ದಿದೆ, ಒಂದು ಗಿಳಿ ಆದರೂ ಹಚ್ಚು ಎಂದು ಹೇಳಿ ಹೋದಳು.

ಜಂಬಮ್ಮ ಮಾಡಿದ ತಪ್ಪು ಇಲ್ಲಿ ಹೇಳಬೇಕು. ಅವಳ ತವರಿನಲ್ಲಿ ಕೌದಿಯ ಕೊನೆಯ ಮೂಲೆಯನ್ನು ಬರಿದೆ ಮುಚ್ಚುತ್ತಿರಲಿಲ್ಲ. ಅದರೊಳಗೆ ಐದು ಕಾಳು ಜೋಳ ಇಟ್ಟು ಹೊಲಿಯುತ್ತಿದ್ದರು. ಅದಕ್ಕೆ ಹೊಟ್ಟೆ ತುಂಬಿಸುವುದು ಎಂದು ಹೆಸರು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ ಎಂಬ ನಂಬಿಕೆ. ತುಂಬಿಸುವಾಗ ಮಾತಾಡಬಾರದು, ತುಂಬಿಸಿದ್ದನ್ನು ಯಾರಿಗೂ ಹೇಳಬಾರದು. ಜಂಬಮ್ಮನ ಕೈ ಬಲ್ಲದ್ದು ಆ ಹೊಲಿಗೆಯೊಂದೇ. ಆದ್ದರಿಂದ ಬಸ್ಸಿಗೂ ಹುಂಜಕ್ಕೂ ಗಿಳಿಗೂ ಕೊನೆಯ ಮೂಲೆಯಲ್ಲಿ ಐದೈದು ಕಾಳು ಇಟ್ಟು, ಬಾಯಿ ಮುಚ್ಚಿಕೊಂಡು ಹೊಲಿದಳು.

ದೀಪಾವಳಿಯ ಹೊತ್ತಿಗೆ ಚಾಪೆಯ ಮೇಲೆ ಮೂವತ್ತೆಂಟು ಜನ ಕೂರುತ್ತಿದ್ದರು. ವೀರಭದ್ರಮ್ಮ ಇದನ್ನು ಮೆಚ್ಚಿದರೆಂದಲ್ಲ. ಹಾಜರಿ ಕರೆಯುವಾಗ ಎದುರಿಗೆ ಕಾಣುತ್ತಿದ್ದ ಲಂಗದ ಚಿತ್ರಗಳ ಸಂತೆಯನ್ನು ನೋಡದವರಂತೆ ಇದ್ದರು, ಅಷ್ಟೆ.

ಡಿಸೆಂಬರ್ ತಿಂಗಳು. ಹಳೆಯ ಜೋಳ ಮುಗಿದು ಹೊಸದು ಬರದಿರುವ ದಿನಗಳು. ಮನೆಗಳ ಗಡಿಗೆಗಳು ಖಾಲಿ, ಇಲಿಗಳ ಹೊಟ್ಟೆಯೂ ಖಾಲಿ. ಒಂದು ಬೆಳಿಗ್ಗೆ ಹುಂಜದ ಲಂಗಕ್ಕೆ ಅಂಗೈ ಅಗಲದ ತೂತು ಬಿದ್ದಿತ್ತು. ಮರುದಿನ ಇನ್ನೆರಡು. ವಾರ ತಿರುಗುವಷ್ಟರಲ್ಲಿ ಇಪ್ಪತ್ತೊಂದು ಲಂಗಗಳನ್ನು ಇಲಿ ಕಡಿದಿತ್ತು. ಬೇರೆ ಬಟ್ಟೆ ಮುಟ್ಟಿರಲಿಲ್ಲ. ಜಂಬಮ್ಮ ಹೊಲಿದ ಲಂಗಗಳನ್ನೇ ಹುಡುಕಿ ಕಡಿದಿತ್ತು.

ಕಾರಣಗಳು ಓಣಿಗೊಂದರಂತೆ ಹುಟ್ಟಿದವು. ಜೀವ ಇರುವುದರ ಚಿತ್ರವನ್ನು ಮೈಮೇಲೆ ಹೊತ್ತರೆ ಶೈತಾನ ಬರುತ್ತಾನೆ ಎಂದಳು ಮೌಲಾಬಿಯ ಅತ್ತೆ. ಯಾರೋ ಒಬ್ಬಳು ಮೊಣಕಾಲಿನ ಮೇಲೆ ಇಲಿಯನ್ನೇ ಹೊಲಿಸಿಕೊಂಡಿದ್ದಾಳೆ, ಗಣಪನ ವಾಹನ ಮುನಿಯದೆ ಇರುತ್ತದೆಯೇ ಎಂದರು ಪಕ್ಕದ ಓಣಿಯವರು. ಎರಡೂ ಓಣಿಗೆ ಒಂದು ವಿಷಯದಲ್ಲಿ ಒಮ್ಮತವಿತ್ತು: ಹುಡುಗಿಯರನ್ನು ಇನ್ನು ಆ ಶಾಲೆಗೆ ಕಳಿಸಬಾರದು. ತಪಾಸಣೆಗೆ ಮೂರು ವಾರ ಉಳಿದಿದ್ದಾಗ ಚಾಪೆಯ ಮೇಲೆ ಹನ್ನೊಂದು ಮಂದಿ ಇದ್ದರು.

ಜಂಬಮ್ಮನಿಗೆ ಭಯವಾಯಿತು. ಆದರೂ ಅವಳ ಚಟ ಭಯಕ್ಕಿಂತ ದೊಡ್ಡದು. ಶೈತಾನ ಜೀವವಿರುವ ಚಿತ್ರಕ್ಕೆ ಬರುವುದಾದರೆ ಬಸ್ಸನ್ನು ಯಾಕೆ ಕಡಿದ? ಗಣಪ ಮುನಿದಿದ್ದರೆ ಮೌಲಾಬಿಯ ಮನೆಗೆ ಯಾಕೆ ಬಂದ? ಬಯ್ಗುಳ ತಿನ್ನುತ್ತಲೇ ಅವಳು ಒಂದೊಂದು ಮನೆಗೂ ಹೋಗಿ, ಕಡಿದ ಲಂಗವನ್ನು ಬೆಳಕಿಗೆ ಹಿಡಿದು ನೋಡಿದಳು. ಎಂಟನೆಯ ಮನೆಯಲ್ಲಿ ಅವಳಿಗೆ ಕಂಡಿತು. ತೂತು ಶುರುವಾದದ್ದು ಎಲ್ಲ ಲಂಗಗಳಲ್ಲೂ ಒಂದೇ ಕಡೆ, ತೇಪೆಯ ಕೆಳಗಿನ ಎಡಮೂಲೆಯಲ್ಲಿ. ಅದು ಅವಳು ಕೊನೆಗೆ ಮುಚ್ಚುವ ಮೂಲೆ.

ಹಾಗಿದ್ದರೆ ಕುರುಗೋಡಿನ ಕೌದಿಗಳನ್ನು ಇಲಿ ಯಾಕೆ ಮುಟ್ಟಿಲ್ಲ? ಇದು ತಿಳಿಯದೆ ಅವಳಿಗೆ ಊಟ ಸೇರಲಿಲ್ಲ. ಭಾನುವಾರ ಬಸ್ಸು ಹತ್ತಿ ತವರಿಗೆ ಹೋದಳು. ಹುಲುಗಮ್ಮನ ಕಣ್ಣಿಗೆ ಪೊರೆ ಬಂದು ಮಂಜಾಗಿತ್ತು. ಬಾಯಿಗೆ ಏನೂ ಆಗಿರಲಿಲ್ಲ.

“ಎಷ್ಟ ಕಾಳು ಇಟ್ಟಿ?”

“ಐದು.”

“ಹುರದಿದ್ದೋ, ಹಸೀವೋ?”

“ಹುರೀಬೇಕಾ?”

“ಅಯ್ಯ ನಿನ್ನ! ಕರ್ರಗ ಆಗೋಮಟ ಹುರದು, ಬೇವಿನೆಣ್ಣಿ ಸವರಿ ಇಡಬೇಕು. ಹಸೀ ಜೋಳ ಇಟ್ಟು ಹೊಲದಿ ಅಂದ್ರ ಇಲಿಗೆ ಬುತ್ತಿ ಕಟ್ಟಿ ಕೊಟ್ಟಂಗ ಅಲ್ಲೇನು?”

“ನೀ ನನಗ ಹೇಳಲೇ ಇಲ್ಲಲ್ಲವ್ವಾ.”

“ಹೇಳಾಕ ನೀ ಎಲ್ಲಿದ್ದಿ? ಹೊಟ್ಟಿ ತುಂಬಸೂದು ಮೈನೆರೆದ ಮ್ಯಾಲೆ ಹೇಳಿಕೊಡೂದು. ಅಷ್ಟೊತ್ತಿಗೆ ಸಿರುಗುಪ್ಪದಾಗ ಅತ್ತಿ ಮನ್ಯಾಗ ರೊಟ್ಟಿ ಬಡೀತಿದ್ದಿ.” ಮುದುಕಿ ತಂಬಾಕನ್ನು ದವಡೆ ಬದಲಿಸಿದಳು. “ಅದಿರಲಿ, ಲಂಗಕ್ಕ ಹೊಟ್ಟಿ ಯಾಕ? ಕೌದಿ ಮನ್ಯಾಗ ಬಿದ್ದಿರತೈತಿ, ಅದಕ್ಕ ನಾವು ಉಣಸಬೇಕು. ಲಂಗ ಹುಡುಗಿ ಜತಿ ತಿರುಗಾಡತೈತಿ. ತಿರುಗಾಡೋರು ತಮ್ಮ ಹೊಟ್ಟಿ ತಾವ ನೋಡ್ಕೋತಾರ.”

ಹನ್ನೊಂದು ವರ್ಷದ ಹುಡುಗಿ ತಾಯಿಯ ಬೆನ್ನ ಹಿಂದೆ ನಿಂತು ನೋಡಿದ್ದು ಕಾಳಿನ ಲೆಕ್ಕವನ್ನು ಮಾತ್ರ. ಅರ್ಧ ಕಲಿತ ವಿದ್ಯೆಯನ್ನು ಪೂರ್ತಿ ಎಂದು ನಂಬಿ ಇಪ್ಪತ್ತೆಂಟು ವರ್ಷ ಕಳೆದಿದ್ದಳು. ತನ್ನ ಮನೆಯಲ್ಲಿ ಕೌದಿ ಹೊಲಿಯುವ ಅವಕಾಶವೇ ಅವಳಿಗೆ ಬಂದಿರಲಿಲ್ಲವಾದ್ದರಿಂದ ತಪ್ಪು ತಿಳಿಯಲು ದಾರಿಯೂ ಇರಲಿಲ್ಲ.

ಬಳ್ಳಾರಿಗೆ ತಿರುಗಿ ಬರುವಾಗ ಅವಳ ಮುಂದೆ ಇದ್ದುದು ಎರಡು ದಾರಿ. ಬಾಯಿ ಮುಚ್ಚಿಕೊಂಡಿದ್ದರೆ ತಪ್ಪು ಶೈತಾನನ ಮೇಲೋ ಗಣಪನ ಮೇಲೋ ಇರುತ್ತದೆ, ಹುಡುಗಿಯರು ಬರುವುದಿಲ್ಲ, ಶಾಲೆ ಮುಚ್ಚುತ್ತದೆ. ಹೇಳಿದರೆ ಹುಡುಗಿಯರು ಬಂದಾರು, ಆದರೆ ಕಂಟ್ರೋಲ್ ಕಾಲದಲ್ಲಿ ಇಪ್ಪತ್ತೊಂದು ಲಂಗ ಹಾಳು ಮಾಡಿದವಳನ್ನು ಯಾರು ಕೆಲಸದಲ್ಲಿ ಇಟ್ಟುಕೊಳ್ಳುತ್ತಾರೆ? ಹೊಟ್ಟೆ ತುಂಬಿಸಿದ್ದನ್ನು ಹೇಳಬಾರದೆಂಬ ಕಟ್ಟಳೆ ಬೇರೆ.

ಮರುದಿನ ಬೆಳಿಗ್ಗೆ ಬೀದಿ ನಲ್ಲಿಯ ಹತ್ತಿರ ಕೊಡಗಳ ಸಾಲು ಇದ್ದಾಗ ಅವಳು ಹೋದಳು. ಇನ್ನೂ ಇಲಿ ಮುಟ್ಟದ ಲಂಗವೊಂದನ್ನು ಜೊತೆಗೆ ತಂದಿದ್ದಳು. ಎಲ್ಲರ ಎದುರಿಗೆ ಗಿಳಿಯ ಮೂಲೆ ಬಿಚ್ಚಿ, ಐದು ಕಾಳನ್ನು ಅಂಗೈ ಮೇಲೆ ಸುರಿದು ತೋರಿಸಿದಳು. ಕೌದಿಯ ಪದ್ಧತಿಯನ್ನೂ, ತಾನು ಕಾಳು ಹುರಿಯದೆ ಇಟ್ಟದ್ದನ್ನೂ ನಾಲ್ಕು ಮಾತಿನಲ್ಲಿ ಹೇಳಿದಳು.

ಮೌಲಾಬಿ ಅಂಗೈಯನ್ನು ನೋಡಿದಳು, ಜಂಬಮ್ಮನ ಮುಖ ನೋಡಿದಳು. “ಹಂಗಾರ ಶೈತಾನೂ ಅಲ್ಲ, ಗಣಪನೂ ಅಲ್ಲ. ನೀನ!”

“ನಾನ.”

“ನಮ್ಮತ್ತಿ ಹದಿನೈದು ದಿನದಿಂದ ಊದು ಹಾಕಿ ಹಾಕಿ ಮನಿ ತುಂಬಾ ಹೊಗಿ ಎಬ್ಬಿಸ್ಯಾಳಲ್ಲವಾ. ನಾ ಕೆಮ್ಮಿ ಕೆಮ್ಮಿ ಸತ್ತೆ!”

ಯಾರೋ ನಕ್ಕರು. ನಗದವರೇ ಹೆಚ್ಚು. ಅರ್ಧ ಗಂಟೆ ಬಯ್ದರು. ನೀರು ಬಂದದ್ದರಿಂದ ಬಯ್ಗುಳ ನಿಂತಿತು. ಕೊನೆಗೆ ತೀರ್ಮಾನವಾದದ್ದು ಇಷ್ಟು: ಇಪ್ಪತ್ತೊಂದು ಲಂಗವನ್ನೂ ಅವಳೇ ಸರಿಮಾಡಿ ಕೊಡಬೇಕು, ಒಂದು ಕಾಳೂ ಇಡಬಾರದು, ಸಂಕ್ರಾಂತಿಯೊಳಗೆ ಮುಗಿಸಬೇಕು.

ಅಷ್ಟು ದೊಡ್ಡ ತೂತುಗಳಿಗೆ ಖಾಜಾಮಿಯಾನ ಚೂರುಗಳು ಸಾಲುವಂತಿರಲಿಲ್ಲ. ಹುಲುಗಮ್ಮ ತಾನು ಹೊದೆಯುತ್ತಿದ್ದ ಹಳೆಯ ಕೌದಿಯನ್ನು ಬಸ್ಸಿನಲ್ಲಿ ಬರುವವರ ಕೈಲಿ ಕಳಿಸಿದಳು. ಅದರಲ್ಲಿ ಜಂಬಮ್ಮನ ಮದುವೆ ಸೀರೆಯ ತುಂಡೂ ಇತ್ತು. ಅವಳು ಎಳೆ ಹಾಳಾಗದಂತೆ ಅದನ್ನೂ ಬಿಚ್ಚಿ, ಯಾವುದು ಗಟ್ಟಿ ಯಾವುದು ಜೀರ್ಣ ಎಂದು ಎಳೆದು ನೋಡಿ ಬೇರೆ ಮಾಡಿದಳು. ಮೂಲೆಯಲ್ಲಿ ಸಿಕ್ಕ ಐದು ಕಾಳು ಇದ್ದಿಲಿನಂತೆ ಕಪ್ಪಗಿದ್ದವು. ಬೇವಿನ ವಾಸನೆ ಇನ್ನೂ ಹೋಗಿರಲಿಲ್ಲ. ಮೂಸಿ ನೋಡಿ, ಹೌದೆಂದು ಖಾತರಿ ಮಾಡಿಕೊಂಡು, ಹೊರಗೆ ಎಸೆದಳು.

ಹುಡುಗಿಯರು ಒಬ್ಬೊಬ್ಬರಾಗಿ ಪಡಸಾಲೆಗೆ ಬಂದರು. ಹೊಸ ತೂತು ದೊಡ್ಡದಾದ್ದರಿಂದ ಚಿತ್ರವೂ ದೊಡ್ಡದಾಗಬೇಕಿತ್ತು. ಹುಂಜದ ಹಿಂದೆ ಮರಿಗಳು ಬಂದವು. ಮೀರಾಬಿಯ ಬಸ್ಸಿಗೆ ಕ್ಲೀನರು ಬಂದ, ಅವನ ಕೈಯಲ್ಲಿ ತಿರುವುವ ಹಿಡಿಕೆ. ವೀರಭದ್ರಮ್ಮ ಬಂದು ನೋಡಿ ತಲೆಗೆ ಕೈ ಹಚ್ಚಿಕೊಂಡರು.

“ತಪಾಸಣಿ ದಿನ ಇವನ್ನ ಹಾಕ್ಕೊಂಡು ಬಂದ್ರ ಇದು ಸಾಲಿನೋ ಬಯಲಾಟದ ಚೌಕಿನೋ ಅಂತ ಕೇಳ್ತಾರ.”

“ಇವನ್ನ ಬಿಟ್ರ ಅವಕ್ಕ ಬೇರೆ ಲಂಗ ಇಲ್ರಿ ಅಮ್ಮಾರ.”

ವೀರಭದ್ರಮ್ಮ ಹಾಜರಿ ಪುಸ್ತಕ ಎತ್ತಿಕೊಂಡು ಒಳಗೆ ಹೋದರು.

ತಪಾಸಣೆಯ ಬೆಳಿಗ್ಗೆ ಜಂಬಮ್ಮ ಎಂದಿಗಿಂತ ಮುಂಚೆ ಹೊರಟಳು. ಮೊದಲ ಓಣಿಯಲ್ಲಿ ಒಂಬತ್ತು ಮಂದಿ ಸಿಕ್ಕರು. ಮೌಲಾಬಿಯ ಬಾಗಿಲಲ್ಲಿ ಅತ್ತೆ ಅಡ್ಡ ನಿಂತಿದ್ದಳು. ಬಸ್ಸಿನ ಕ್ಲೀನರಿಗೆ ಕಣ್ಣು ಮೂಗು ಇದೆಯೇ ಎಂದು ಲಂಗವನ್ನು ಹಿಡಿದು ನೋಡಿದಳು. ಇರಲಿಲ್ಲ. ಅವನು ಬೆನ್ನು ತಿರುಗಿಸಿ ನಿಂತಿದ್ದ. ಮುದುಕಿ ಪಕ್ಕಕ್ಕೆ ಸರಿದಳು. ಶಾಲೆ ಮುಟ್ಟಿದಾಗ ಸಾಲಿನಲ್ಲಿ ಮೂವತ್ನಾಲ್ಕು ಜನ ಇದ್ದರು.

ಇನ್‌ಸ್ಪೆಕ್ಟ್ರೆಸ್ ಕನ್ನಡಕ ಹಾಕಿದ, ನಗದ ಹೆಂಗಸು. ಪಾಠ ಓದಿಸಿದರು. ಒಬ್ಬಳ ದನಿಯೂ ಎರಡನೆಯ ಸಾಲಿಗೆ ಕೇಳಲಿಲ್ಲ. ಮಗ್ಗಿ ಕೇಳಿದರು. ಹನ್ನೆರಡರಲ್ಲಿ ಎಲ್ಲರೂ ಸಿಕ್ಕಿಬಿದ್ದರು. ಆಮೇಲೆ ಪೆನ್ಸಿಲಿನ ತುದಿಯಿಂದ ಮೀರಾಬಿಯ ಲಂಗ ತೋರಿಸಿ, “ಇದೇನು?” ಎಂದರು.

“ಇದ್ದಿಲು ಬಸ್ಸು ರೀ,” ಎಂದಳು ಮೀರಾಬಿ. ಅಲ್ಲಿಂದ ಶುರುಮಾಡಿ, ಒಲೆ ಹೇಗೆ ಹೊತ್ತಿಸುತ್ತಾರೆ, ಹಿಡಿಕೆ ಎಷ್ಟು ಹೊತ್ತು ತಿರುವಬೇಕು, ದಿಬ್ಬ ಬಂದರೆ ಜನ ಯಾಕೆ ಇಳಿದು ತಳ್ಳಬೇಕು, ಎಲ್ಲವನ್ನೂ ಗಟ್ಟಿಯಾಗಿ ಹೇಳಿದಳು.

“ಡ್ರೈವರ್ ಕಾಣುತ್ತಿಲ್ಲವಲ್ಲ?”

“ಚಾ ಕುಡಿಯಾಕ ಇಳದಾನ್ರಿ.”

ಮೂವತ್ನಾಲ್ಕು ಬಾಯಿಗಳು ಒಟ್ಟಿಗೆ ತೆರೆದವು. ಹುಂಜದವಳು ಮೂರು ಕಾಲಿನ ಕಾರಣ ಹೇಳಿದಳು, ಬೀಸುಕಲ್ಲಿನವಳು ಕಲ್ಲು ತಿರುಗಿಸಿ ತೋರಿಸಿದಳು. ಯಾರೋ ಒಬ್ಬಳು, “ಆಯಾ ಒಳಗ ಜೋಳ ಇಟ್ಟಿದ್ಲು ರೀ, ಇಲಿ ತಿಂದ್ವು,” ಎಂದುಬಿಟ್ಟಳು. ವೀರಭದ್ರಮ್ಮ ಗೋಡೆಯ ಕಡೆ ನೋಡಿದರು. ಇನ್‌ಸ್ಪೆಕ್ಟ್ರೆಸ್ ಜಂಬಮ್ಮನನ್ನು ಕರೆಸಿದರು. ಅವಳು ನಡೆದದ್ದನ್ನು ನಲ್ಲಿಯ ಬಳಿ ಹೇಳಿದಷ್ಟೇ ಮಾತಿನಲ್ಲಿ ಹೇಳಿದಳು. ಇನ್‌ಸ್ಪೆಕ್ಟ್ರೆಸ್ ಬರೆದುಕೊಂಡರು, ಮುಖದಲ್ಲಿ ಏನೂ ಕಾಣಲಿಲ್ಲ.

ವರದಿ ಬಂದದ್ದು ಮಾರ್ಚಿನಲ್ಲಿ. ಓದು ಸಾಲದು, ಗಣಿತ ಸಾಲದು, ಹೊಲಿಗೆಯನ್ನು ಪಠ್ಯಕ್ರಮದಂತೆ ಮಾದರಿ ತುಂಡುಗಳ ಮೇಲೆ ಕಲಿಸತಕ್ಕದ್ದು, ಮಕ್ಕಳು ಉಟ್ಟ ಬಟ್ಟೆಯ ಮೇಲೆ ಅಲ್ಲ, ಹಾಜರಿ ತೃಪ್ತಿಕರ, ಶಾಲೆಯನ್ನು ಸದ್ಯಕ್ಕೆ ಪ್ರತ್ಯೇಕವಾಗಿ ಮುಂದುವರಿಸಬಹುದು, ಕರೆತರುವ ಹೆಂಗಸನ್ನೂ. ವೀರಭದ್ರಮ್ಮ ಓದಿ ಹೇಳಿದಾಗ ಜಂಬಮ್ಮ, ಮಾದರಿ ತುಂಡಿಗೆ ಬಟ್ಟೆ ಯಾರು ಕೊಡುತ್ತಾರೆಂದು ಕೇಳಿದಳು. ಅದು ವರದಿಯಲ್ಲಿ ಇರಲಿಲ್ಲ. ಹಾಗಾಗಿ ಕಂಟ್ರೋಲ್ ತೆಗೆಯುವವರೆಗೂ ಪಡಸಾಲೆಯ ಕೆಲಸ ಹಾಗೆಯೇ ನಡೆಯಿತು.

ಶಾಲೆಗೆ ಸಿಕ್ಕಿದ್ದು ಆರು ವರ್ಷ. ಐವತ್ತೆರಡರಲ್ಲಿ ಅದನ್ನು ದೊಡ್ಡ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಸೇರಿಸಿದರು, ಜಂಬಮ್ಮ ಸಿರುಗುಪ್ಪಕ್ಕೆ ಹಿಂದಿರುಗಿದಳು. ಅವಳನ್ನು ಯಾರೂ ತೆಗೆಯಲಿಲ್ಲ. ಅದಕ್ಕೆ ಒಂದು ವರ್ಷ ಮುಂಚೆಯೇ ಅವಳ ಕೆಲಸ ತಾನಾಗಿ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಅವಳು ಮೌಲಾಬಿಯ ಮನೆಯ ಮುಂದೆ ನಿಂತು ಎಂದಿನಂತೆ ಮೀರಾಬಿಯ ತಂಗಿಯನ್ನು ಕೂಗಿದಾಗ ಮೌಲಾಬಿ ಬೀಡಿ ತಟ್ಟೆಯನ್ನು ತೊಡೆಯಿಂದ ಇಳಿಸದೆ ಹೇಳಿದಳು:

“ಆಗಲೇ ತಾವ ಹೋದ್ವಲ್ಲ ಜಂಬಕ್ಕ, ನಾಕ ಹುಡುಗ್ಯಾರು ಜತಿಯಾಗಿ. ನಿಂಗ ಯಾರೂ ಹೇಳ್ಲಿಲ್ಲೇನು?”

“ಯಾರೂ ಹೇಳ್ಲಿಲ್ಲ,” ಎಂದಳು ಜಂಬಮ್ಮ. ಮುಂದಿನ ಮನೆಯ ಹುಡುಗಿಯೂ ಹಾಗೆಯೇ ಹೋಗಿದ್ದಾಳೋ ಎಂದು ತಿಳಿಯಲು ಅತ್ತ ನಡೆದಳು.